ಪೇಟದ ಒಳಪಟ್ಟಿ

ಕೋಪ ಬಂದರೆ ರಂಜಿತಳ ಬಾಯಿ ಕಟ್ಟಿಹೋಗುತ್ತಿತ್ತು. ಬೇರೆಯವರು ಅಲ್ಲಿಗಲ್ಲಿಗೇ ಬೈದು ಹಗುರಾಗುತ್ತಾರೆ. ಇವಳು ಬಸ್ಸು ಹತ್ತಿ ಅರ್ಧ ದಾರಿ ಬಂದ ಮೇಲೆ, ಆಡಬೇಕಾಗಿದ್ದ ಮಾತನ್ನೆಲ್ಲ ಕಿಟಕಿಗೆ ಹೇಳಿಕೊಳ್ಳುವವಳು. ತೊಂಬತ್ತಾರರ ಆ ಬೇಸಿಗೆಯಲ್ಲಿ, ಪಾಂಡವಪುರದ ಚಿಕ್ಕಸ್ವಾಮಿಯ ಅಂಗಡಿಯಲ್ಲೂ ಹಾಗೇ ಆಯಿತು.

ಚಿಕ್ಕಸ್ವಾಮಿಯದು ಮದುವೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ. ಶಾಮಿಯಾನ, ಕುರ್ಚಿ, ಅಡುಗೆಯ ಪಾತ್ರೆ, ಗಂಡಿಗೆ ಕೋಟು, ತಲೆಗೆ ಮೈಸೂರು ಪೇಟ, ಎಲ್ಲವೂ ಅಲ್ಲೇ. ಸುತ್ತಲ ಹಳ್ಳಿಗಳಲ್ಲಿ ಯಾವ ಗಂಡು ಹಸೆಯ ಮೇಲೆ ಕೂತರೂ ಅವನ ತಲೆಯ ಮೇಲಿರುತ್ತಿದ್ದದ್ದು ಚಿಕ್ಕಸ್ವಾಮಿಯ ಪೇಟ. ಹಗಲು ಕಬ್ಬಿನ ಗದ್ದೆಗೆ ಕೂಲಿಗೆ ಹೋಗಿ, ಸಂಜೆ ತರಗತಿಯಲ್ಲಿ ಹೊಲಿಗೆ ಕಲಿತಿದ್ದ ರಂಜಿತಳಿಗೆ ಉಗಾದಿ ಕಳೆಯುತ್ತಲೇ ಅವನು ಕೆಲಸ ಕೊಟ್ಟಿದ್ದ. ಬೆವರು ಹಿಡಿದು ಕಪ್ಪಾದ ಒಳಪಟ್ಟಿ ಬಿಚ್ಚಿ ಹೊಸ ಪಟ್ಟಿ ಹೊಲಿಯುವುದು, ಕಿತ್ತುಬಂದ ಜರಿ ಕೂಡಿಸುವುದು. ಕೆಲವು ಪೇಟಗಳ ಒಳಪಟ್ಟಿಯಲ್ಲಿ, ಹಿಂದುಗಡೆ, ಕೆಂಪು ದಾರದ ಸಣ್ಣ ಹೊಲಿಗೆಯೊಂದು ಇರುತ್ತಿತ್ತು.

"ಹಳೇ ಪಟ್ಟೀಲಿ ಇದ್ದಂಗೇ ಹೊಸದ್ರಲ್ಲೂ ಹಾಕ್ಬುಡವ್ವ, ಗುರ್ತಿಗೆ," ಅಂದಿದ್ದ ಚಿಕ್ಕಸ್ವಾಮಿ.

"ಸೈಜಿನ ಗುರ್ತಾ ಚಿಕ್ಕಸ್ವಾಮಣ್ಣ? ದೊಡ್ಡ ತಲೇದಾ, ಚಿಕ್ಕ ತಲೇದಾ?"

ಅವನು ನಕ್ಕಿದ್ದ. "ಚಿಕ್ಕ ತಲೇದು ಅಂತ್ಲೇ ಇಟ್ಕೊ."

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಆ ಕೆಂಪು ಹೊಲಿಗೆ ಒಂದೇ ಅಳತೆಗೆ ಬರಲಿ ಅಂತ ಬಿಚ್ಚಿ ಬಿಚ್ಚಿ ಹೊಲಿದಳು. ಟೀಚರು ಕಲಿಸಿದ ಹಾಗೆ ಮಾಡಿದ್ದೇನೋ ಇಲ್ಲವೋ ಎಂಬ ಅಳುಕು ಅವಳಿಗೆ ಯಾವಾಗಲೂ.

ಅಣ್ಣ ಧರ್ಮೇಂದ್ರನ ಮದುವೆ ಗೊತ್ತಾಯಿತು. ಶಾಮಿಯಾನ, ಪಾತ್ರೆ, ಪೇಟ ಮೂರಕ್ಕೂ ಅಪ್ಪ ನರಸಯ್ಯ ಚಿಕ್ಕಸ್ವಾಮಿಗೇ ಹೇಳಿ ಬಂದಿದ್ದ. ಪೇಟ ತರಲು ರಂಜಿತ ಹೋದಳು. ಒಳ್ಳೆಯದು ಯಾವುದೆಂದು ಅವಳಿಗಿಂತ ಚೆನ್ನಾಗಿ ಗೊತ್ತಿರುವವರಾರು? ಅಂಗಡಿಯಲ್ಲಿ ಚಿಕ್ಕಸ್ವಾಮಿ ಇರಲಿಲ್ಲ. ಸಾಮಾನು ಎತ್ತಿಕೊಡುವ ಮುದುಕ ಚಿಕ್ಕಯ್ಯ ಇದ್ದ. ಬೀರುವಿನಿಂದ ಅವಳು ಕೆನೆ ಬಣ್ಣದ್ದೊಂದು ಎತ್ತಿಕೊಂಡಳು.

"ಅದ್ಕೆ ಕೈ ಆಕ್ಬ್ಯಾಡ ಕಣವ್ವ. ಅದು ನಿಮ್ಮೋರ್ಗಲ್ಲ."

"ಯಾಕಣ್ಣ, ಬುಕ್ಕಾಗದಾ?"

"ಬುಕ್ಕೂ ಇಲ್ಲ ಗಿಕ್ಕೂ ಇಲ್ಲ. ತಗಡಿನ ಪೆಟ್ಟಿಗೇಲಿ ಕೆಂಪು ದಾರದವು ಅವೆ, ಅದ್ರಾಗೆ ತಗೋ."

"ಅವು ಚಿಕ್ಕ ತಲೇವು. ನಮ್ಮಣ್ಣಂದು ದೊಡ್ಡ ತಲೆ."

ಚಿಕ್ಕಯ್ಯ ಅವಳ ಮುಖವನ್ನೇ ನೋಡಿದ. "ಸೈಜು ಅಂತ ಯಾರ್ ಏಳಿದ್ರು ನಿಂಗೆ? ಕೇರಿಯೋರ್ಗೆ ಕೊಡೋವ್ಕೆ ಕೆಂಪು ದಾರ. ಅಪ್ಪಿತಪ್ಪಿ ಊರೋರ್ ತಲೆಗೆ ಓಗ್ಬಾರ್ದಲ್ಲ, ಅದ್ಕೆ. ಒಲೆಯೋಳು ನೀನೇ. ನಿಂಗೇ ಗೊತ್ತಿಲ್ವ?"

ರಂಜಿತ ಕೆನೆ ಬಣ್ಣದ್ದನ್ನು ಬೀರುವಿನಲ್ಲಿ ಇಟ್ಟಳು. ತಗಡಿನ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ್ದೊಂದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. "ಬತ್ತೀನಿ ಕಣಣ್ಣ" ಅಂತಲೂ ಅಂದಳು. ಆ "ಬತ್ತೀನಿ" ನೆನಪಾದಾಗಲೆಲ್ಲ ಬಸ್ಸಿನಲ್ಲಿ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಕಿರಂಗೂರು ಬರುವಷ್ಟರಲ್ಲಿ ಚಿಕ್ಕಸ್ವಾಮಿಯ ಏಳು ತಲೆಮಾರನ್ನೂ ಕಿಟಕಿಯ ಹೊರಗೆ ಬೈದು ಮುಗಿಸಿದ್ದಳು. ಆದರೆ ಬೈಗುಳದ ತುದಿ ತಿರುಗಿ ತಿರುಗಿ ಅವಳಿಗೇ ಚುಚ್ಚುತ್ತಿತ್ತು. ಗುರುತು ಬೇಕೆಂದವನು ಅವನು. ಹಾಕಿದವಳು? ಅದೂ ಎಂಥ ಅಚ್ಚುಕಟ್ಟಾಗಿ!

ಮನೆಯಲ್ಲಿ ನಿಜ ಹೇಳಲಾಗಲಿಲ್ಲ. ಹೇಳಿದರೆ ತಾನು ಹೊಲಿದದ್ದನ್ನೂ ಹೇಳಬೇಕು. ಪೇಟವನ್ನು ಅಟ್ಟದ ಮೇಲಿಟ್ಟು, ಮಹಿಳಾ ಮಂಡಳಿಯ ಬೈರಮ್ಮನ ಬಳಿ ಹೋಗಿ ಬೇರೆಯದೇ ಮಾತು ತೆಗೆದಳು. ಕೇರಿಯಲ್ಲಿ ವರ್ಷ ವರ್ಷ ಮದುವೆ ಇದ್ದದ್ದೇ. ಪ್ರತಿಸಲ ಬಾಡಿಗೆ ಯಾಕೆ ತೆರಬೇಕು? ನಮ್ಮದೇ ಪೇಟಗಳು ಮಂಡಳಿಯ ಪೆಟ್ಟಿಗೆಯಲ್ಲಿರಲಿ. ಮೊದಲು ನಾಲ್ಕು ಕೊಳ್ಳೋಣ, ಆಮೇಲೆ ಒಂದೊಂದಾಗಿ ಕೂಡಿಸೋಣ.

ಬೈರಮ್ಮ ಎಲೆಯಡಿಕೆ ಕುಟ್ಟುತ್ತ ಕೇಳಿದಳು. "ಇದ್ದಕ್ಕಿದ್ದಂಗೆ ಏನು ಬಂತೇ ನಿಂಗೆ? ಬುಸುಗುಡ್ತಿದ್ದೀಯ."

"ಏನಿಲ್ಲ ಕಣಜ್ಜಿ. ಬಾಡ್ಗೇವು ಬೆವರು ನಾರ್ತವೆ."

"ಆಗ್ಲಿ ತತ್ತಾ. ಮಂಡ್ಳಿ ದುಡ್ಡು, ಬಡವರ್ ದುಡ್ಡು ಅನ್ನೋದು ನೆಪ್ಪಿರ್ಲಿ. ಅಗ್ಗದ್ದು ತರ್ತೀನಂತ ಕಾಗ್ದದ್ದು ತಂದ್ಗಿಂದೀಯ! ನಮ್ ಮೊಮ್ಮಕ್ಳ ಕಾಲಕ್ಕೂ ಬರ್ಬೇಕು."

ಆ ಮಾತು ರಂಜಿತಳ ಎದೆಯ ಮೇಲೆ ಕಲ್ಲಿನಂತೆ ಕೂತಿತು. ಮದುವೆಗೆ ನೆಂಟರನ್ನು ಕರೆಯಲು ಅವ್ವ ದ್ಯಾವಮ್ಮನ ಜೊತೆ ಊರೂರು ಸುತ್ತುವುದಿತ್ತು. ಹೋದ ಕಡೆಯಲ್ಲೆಲ್ಲ ಅವಳು ಪೇಟ ನೋಡಿದಳು. ನಾಗಮಂಗಲದ ಚಿಕ್ಕಮ್ಮ ಚಿಕ್ಕಬೋರಮ್ಮನನ್ನು ಕರೆಯಲು ಹೋದಾಗ ಅಲ್ಲಿನ ಫ್ಯಾನ್ಸಿ ಸ್ಟೋರಿನಲ್ಲಿ ಕಣ್ಣು ಕೋರೈಸುವ ಪೇಟಗಳಿದ್ದವು. ಮಿಣಮಿಣ ಕಲ್ಲು, ಹಣೆಯ ಮೇಲೆ ಗರಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಒಳಗಿನ ರಟ್ಟು ಒಳಕ್ಕೆ ಹೋದದ್ದು ಹೊರಕ್ಕೆ ಬರಲೇ ಇಲ್ಲ. ಮೂಗಿಗೆ ಹಿಡಿದರೆ ಅಂಟಿನ ವಾಸನೆ. ನೆರಿಗೆಗೆ ಎಲ್ಲೂ ಹೊಲಿಗೆ ಇಲ್ಲ, ಎಲ್ಲ ಅಂಟಿಸಿದ್ದು. ಒಬ್ಬ ಗಂಡಿನ ಬೆವರಿಗೇ ನೆನೆದ ದೋಸೆಯಾಗುವ ಸರಕು.

"ಏನವ್ವ ಅಂಗೆ ಇಸುಕ್ತೀಯ, ಮಾವಿನಣ್ಣ?" ಅಂತ ಅಂಗಡಿಯವನು ಕಿತ್ತುಕೊಂಡ.

"ಮಾವಿನಣ್ಣಾದ್ರೆ ಇಸುಕ್ದ ಮ್ಯಾಲೆ ರಸನಾರ ಬರ್ತಿತ್ತು," ಅಂದು ದ್ಯಾವಮ್ಮ ಮಗಳನ್ನು ಎಳೆದುಕೊಂಡು ಹೊರಟಳು.

ಸಂತೆಬಾಚಹಳ್ಳಿಯ ಸಂತೆಯಲ್ಲಿ ಒಬ್ಬ ತಾಡಪಾಲಿನ ಮೇಲೆ ರುಮಾಲು, ಟೋಪಿ, ಪೇಟ ಹರವಿಕೊಂಡು ಕೂತಿದ್ದ. ಬಟ್ಟೆ ಪರವಾಗಿಲ್ಲ, ಚೌಕಟ್ಟೂ ಗಟ್ಟಿ. ಆದರೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒಳಮಡಿಕೆಗೆ ಉಜ್ಜಿದರೆ ಬೆರಳು ಕುಂಕುಮವಾಯಿತು. ಹಸೆಯ ಮೇಲೆ ಹೊಗೆಗೆ ಬೆವೆತ ಅಣ್ಣನ ಹಣೆಯಿಂದ ಬಣ್ಣ ಇಳಿದು ವೀಡಿಯೋದಲ್ಲಿ ಕಾಣುವುದು ಅವಳ ಕಣ್ಣಿಗೆ ಕಟ್ಟಿತು. ಅದನ್ನೂ ಬಿಟ್ಟಳು. "ನೀನ್ ಆರಿಸ್ತಿರೋದು ಪೇಟನಾ, ಗಂಡಾ?" ಅಂತ ದ್ಯಾವಮ್ಮ ರೇಗಿದಳು.

ಕೊನೆಗೆ ಶ್ರೀರಂಗಪಟ್ಟಣ. ಪ್ರವಾಸಿಗರ ಬಸ್ಸು ನಿಲ್ಲುವ ಕಡೆ ಸಾಲುಸಾಲು ಅಂಗಡಿ, ಹುಲ್ಲಿನ ಟೋಪಿ, ಗೊಂಬೆಗೆ ಹಾಕುವ ಪುಟ್ಟ ಪೇಟ. ಅದನ್ನು ದಾಟಿ ಪೇಟೆಬೀದಿಯಲ್ಲಿ ಯಶೋದಮ್ಮ ಎಂಬ ಹೆಂಗಸಿನ ಸಣ್ಣ ಜವಳಿ ಅಂಗಡಿ. ಪಂಚೆ, ಶಲ್ಯ, ಮೇಲಿನ ಹಲಗೆಯಲ್ಲಿ ಪೇಟ. ರಂಜಿತ ಅಭ್ಯಾಸದಂತೆ ಒಳಗೆ ಕೈಹಾಕಿ ತಡವಿದಳು. ಒಳಗಿದ್ದದ್ದು ರಟ್ಟಲ್ಲ, ಗಂಜಿ ಹಾಕಿ ಬಿರುಸು ಮಾಡಿದ ಬಕ್ರಂ ಬಟ್ಟೆ. ನೆರಿಗೆಗಳ ಬುಡಕ್ಕೆ ಸೂಜಿ ಬಿದ್ದಿತ್ತು. ಜರಿ ಅಗಲವಿರಲಿಲ್ಲ, ಆದರೆ ಉಗುರಿನಿಂದ ಕೆರೆದರೆ ಸಿಪ್ಪೆ ಏಳಲಿಲ್ಲ.

"ತಲೆಗಿಟ್ಟು ನೋಡವ್ವ," ಅಂದಳು ಯಶೋದಮ್ಮ. "ತಲೆಗಿಡ್ದೆ ಪೇಟ ತಗೊಳ್ಳೋದೂ ಒಂದೇ, ಕಣ್ಮುಚ್ಕಂಡು ಹೆಣ್ ನೋಡೋದೂ ಒಂದೇ."

ರಂಜಿತಳ ಕೈ ತಡೆಯಿತು. ನಾವು ಇಂಥ ಕೇರಿಯವರು ಅಂತ ಮೊದಲೇ ಹೇಳಬೇಕಾ? ಆಮೇಲೆ ಗೊತ್ತಾದರೆ ಮೋಸ ಮಾಡಿದಳು ಅಂದರೆ? ಅಂಥ ಯೋಚನೆ ಬಂತಲ್ಲ ಅಂತ ಮರುಕ್ಷಣವೇ ಮೈಯೆಲ್ಲ ಉರಿಯಿತು. ಬಟ್ಟೆ ಕೊಳ್ಳುವವಳು ಯಾಕೆ ಕುಲ ಹೇಳಿಕೊಂಡು ತಿರುಗಬೇಕು? ಜಡೆ ಸುತ್ತಿ ಮೇಲಕ್ಕೆ ಕಟ್ಟಿ, ಹಲಗೆಯ ಮೇಲಿದ್ದವನ್ನೆಲ್ಲ ಒಂದಾದ ಮೇಲೊಂದು ಇಟ್ಟು ನೋಡಿದಳು. ಕಿವಿಯ ಮೇಲೆ ಒತ್ತುವುದು ಬೇಡ, ಹುಬ್ಬಿಗೆ ಜಾರುವುದು ಬೇಡ. ಕತ್ತು ಬಗ್ಗಿಸಿದರೂ ಬೀಳಬಾರದು, ಮದುವೆಯಲ್ಲಿ ಗಂಡು ಎಷ್ಟು ಜನರ ಕಾಲಿಗೆ ಬೀಳಬೇಕೋ. ಯಶೋದಮ್ಮ ಕನ್ನಡಿ ಹಿಡಿದು ನಗುತ್ತಿದ್ದಳು. "ಗಂಡೂ ನೀನೇ, ಹೆಣ್ಣೂ ನೀನೇ. ಖರ್ಚು ಕಮ್ಮಿ ಬುಡು!"

ನಾಲ್ಕು ಆರಿಸಿದಳು. ಎರಡು ಕೆನೆ ಬಣ್ಣ, ಒಂದು ಕೇಸರಿ, ಒಂದು ಕಡುಗೆಂಪು. ಮನೆ ಸೇರುವವರೆಗೂ ತೊಡೆಯ ಮೇಲಿಟ್ಟುಕೊಂಡು, ಸಾದಾ ಆಯಿತೇನೋ, ಕಡುಗೆಂಪು ಬೇಡವಾಗಿತ್ತೇನೋ ಎಂದು ಕೊರಗಿದಳು.

ಅವಳು ಹೆದರಿದ್ದೇ ಆಯಿತು. ಧರ್ಮೇಂದ್ರ ಹೊಸ ಪೇಟ ತಿರುಗಿಸಿ ನೋಡಿ ಕೆಳಗಿಟ್ಟ. ಅಟ್ಟದಿಂದ ಬಾಡಿಗೆಯದನ್ನು ಇಳಿಸಿ ತಲೆಗಿಟ್ಟುಕೊಂಡು ಕನ್ನಡಿಯ ಮುಂದೆ ನಿಂತ.

"ಇದೇ ಚಂದಾಗದೆ ಕಣ್ ರಂಜಿ. ಮಿರಮಿರ ಅಂತದೆ. ನಿಂದು ಮೇಷ್ಟ್ರು ರಿಟೈರಾದಾಗ ಆಕೋ ಪೇಟ ಇದ್ದಂಗದೆ. ನಾಕ್ ಜನ ವೀಡಿಯೋ ನೋಡ್ಬ್ಯಾಡ್ವ?"

"ಅದ ತೆಗಿಯಣ್ಣ."

"ಯಾಕೆ?"

"ತೆಗಿ ಅಂದ್ನಲ್ಲ."

"ಲೇ, ಮದ್ವೆ ನಂದು ಕಣೇ—"

ಅವಳು ಎಗರಿ ಅವನ ತಲೆಯಿಂದ ಪೇಟ ಕಿತ್ತಳು. ಒಳಪಟ್ಟಿಯನ್ನು ಹೊರಕ್ಕೆ ಮಗುಚಿ ಅವನ ಮೂಗಿಗೆ ಹಿಡಿದಳು. "ನೋಡು. ಈ ಕೆಂಪು ದಾರ ನೋಡು. ಇದು ಯಾಕೆ ಗೊತ್ತಾ? ಕೇರಿಯೋರ್ ತಲೇದು ಊರೋರ್ ತಲೇದ್ರ ಜೊತೆ ಸೇರ್ಬಾರ್ದು ಅಂತ. ಚಿಕ್ಕಸ್ವಾಮಿ ಆಕ್ಸಿರೋ ಗುರ್ತು." ಮುಂದಿನ ಮಾತನ್ನೂ ಉಗಿದೇಬಿಟ್ಟಳು. "ಒಲ್ದಿರೋಳು ನಾನೇ. ಸೈಜು ಅನ್ಕಂಡಿದ್ದೆ."

ಧರ್ಮೇಂದ್ರನ ಕೈ ತಾನಾಗಿ ತಲೆಗೆ ಹೋಗಿ ಕೂದಲನ್ನು ಉಜ್ಜಿಕೊಂಡಿತು. ಅಪ್ಪ ಕೂಗಾಡುತ್ತಾನೆ, ತನಗೆ ಎರಡು ಬಾರಿಸಿದರೂ ಬಾರಿಸಲಿ ಅಂತ ರಂಜಿತ ಕಾದಳು. ನರಸಯ್ಯ ಬೀಡಿ ಹಚ್ಚಿದ.

"ಅದೇನ್ ಒಸ ಇಸ್ಯನಾ?" ಅಂದ.

"ನಿಂಗೊತ್ತಿತ್ತಾ ಅಪ್ಪ?"

"ಗೊತ್ತಿಲ್ದೆ ಏನು? ನನ್ ಮದ್ವೇಲಿ ಪೇಟನೇ ಕೊಡ್ತಿರ್ಲಿಲ್ಲ ಕಣವ್ವ. ಬಿಳೀ ಟವಲ್ ಸುತ್ಕಂಡು ತಾಳಿ ಕಟ್ದೋನು ನಾನು. ಈಗ ಬ್ಯಾರೆ ಪೆಟ್ಟಿಗೆಯಿಂದಾನಾದ್ರೂ ಕೊಡ್ತಾವ್ನಲ್ಲ. ದಾರ ಒಳಗಿರ್ತದೆ, ಯಾರ್ಗೆ ಕಂಡಾತು?"

"ನಂಗೆ ಕಾಣ್ತದೆ!" ಕಿರುಚಿದ್ದು ತಾನೇ ಎಂದು ರಂಜಿತಳಿಗೆ ತಡವಾಗಿ ಗೊತ್ತಾಯಿತು. "ನಂಗೆ ಕಾಣ್ತದಪ್ಪ. ನಾನೇ ಒಲ್ದಿದ್ದು ನಂಗೆ ಕಾಣ್ದೆ ಇರ್ತದಾ?"

"ಇವತ್ತೇ ಓಗಿ ಅವ್ನ ಮೂತಿಗೆ ಎಸ್ದು ಬತ್ತೀನಿ," ಎಂದು ಧರ್ಮೇಂದ್ರ ಎದ್ದ.

ನರಸಯ್ಯ ಬಾಗಿಲಿಗೆ ಅಡ್ಡ ನಿಂತ. "ಕುತ್ಕಳ್ಲಾ! ಮೈಗೆ ಅರಿಶಿನ ಆಕಿಸ್ಕಳೋನು ಒಡೆದಾಟಕ್ಕೆ ಓಯ್ತಾನಂತೆ. ಶಾಮಿಯಾನ ಅವ್ನ್ದು, ಪಾತ್ರೆ ಅವ್ನ್ದು. ನಾಳೀಕೆ ಬಂದ ನೆಂಟ್ರಿಗೆ ನಿನ್ ಬೊಗಸೇಲಿ ಅನ್ನ ಬೇಯಿಸ್ತೀಯ?"

ಅಣ್ಣ ಕೂತ. ಅರಿಶಿನದ ಮಾತು ಅವನನ್ನು ಕಟ್ಟಿಹಾಕಿತು. ರಂಜಿತಳಿಗೆ ಯಾರೂ ಅರಿಶಿನ ಹಚ್ಚುವವರಿರಲಿಲ್ಲ. ಪೇಟವನ್ನು ಚೀಲಕ್ಕೆ ತುರುಕಿಕೊಂಡು ಅವಳು ಪಾಂಡವಪುರದ ಬಸ್ಸು ಹತ್ತಿದಳು. ಈ ಸಲ ಕಿಟಕಿಗೆ ಒಂದು ಮಾತೂ ಆಡಲಿಲ್ಲ. ಮಾತೆಲ್ಲ ಹಲ್ಲಿನ ಹಿಂದೆ ಹಿಡಿದುಕೊಂಡು ಕೂತಳು.

ಅಂಗಡಿಯಲ್ಲಿ ಚಿಕ್ಕಸ್ವಾಮಿ ಇದ್ದ. ಎದುರಿಗೆ ಕುರ್ಚಿಯ ಮೇಲೆ ಅಣ್ಣಮ್ಮ. ಇವರ ಊರಿನವಳೇ, ಹಾಲಿನ ಡೈರಿ ಅಧ್ಯಕ್ಷರ ಹೆಂಡತಿ. ಮಗ ಸಂತೋಷನ ಮದುವೆಗೆ ಪೇಟ ಆರಿಸುತ್ತಿದ್ದಳು. ಬೀರುವಿನ ಪೇಟಗಳೆಲ್ಲ ಮೇಜಿನ ಮೇಲೆ ಬಂದಿದ್ದವು. ಕೆನೆ ಬಣ್ಣದ್ದು ಅವಳ ತೊಡೆಯ ಮೇಲಿತ್ತು.

ರಂಜಿತ ಚೀಲದಿಂದ ಪೇಟ ತೆಗೆದು ಮೇಜಿನ ಮೇಲಿಟ್ಟಳು. "ಇದು ಬ್ಯಾಡ ಚಿಕ್ಕಸ್ವಾಮಣ್ಣ."

"ಯಾಕವ್ವ, ಗಂಡು ಓಡೋದ್ನಾ?" ಅವನು ನಕ್ಕ.

"ಗಂಡು ಮನೇಲೇ ಅವ್ನೆ. ಕೆಂಪು ದಾರದ್ದು ಬ್ಯಾಡ ಅಂದ."

ಚಿಕ್ಕಸ್ವಾಮಿಯ ನಗು ಅರ್ಧಕ್ಕೆ ನಿಂತಿತು. ಅವಳು ಮೇಜಿನ ಮೇಲಿಟ್ಟದ್ದನ್ನು ಸರಕ್ಕನೆ ಎತ್ತಿ ಕೆಳಗಿಟ್ಟ, ಬೇರೆಯವಕ್ಕೆ ತಗುಲದ ಹಾಗೆ. ರಂಜಿತ ಅದನ್ನು ನೋಡಿದಳು. "ಗಿರಾಕಿ ಅವ್ರೆ, ಆಮೇಲ್ ಬಾ," ಅಂದ.

"ನಾನೂ ಗಿರಾಕೀನೇ. ಕೆಂಪು ದಾರ ಯಾಕೆ ಅಂತ ನಿಮ್ ಬಾಯಲ್ಲೇ ಏಳ್ಬುಡಿ, ಓಯ್ತೀನಿ."

"ಯಾಪಾರ ಕಣವ್ವ ಇದು! ನಂಗೇನೂ ಬೇದ ಇಲ್ಲ. ನಿಮ್ಮನೇಲಿ ಕಾಪಿ ಕುಡಿ ಅಂದ್ರೆ ಕುಡಿದೇನು. ಗಿರಾಕಿಗಳು ಕೇಳ್ತಾರೆ, ನಾನೇನ್ ಮಾಡ್ಲಿ?"

ಅಣ್ಣಮ್ಮ ಸಮಾಧಾನದ ದನಿಯಲ್ಲಿ ಅಂದಳು: "ಅದ್ಕೆ ಯಾಕೆ ಇಷ್ಟ್ ಸಿಟ್ಟೇ ನರಸಯ್ಯನ ಮಗ್ಳೆ? ಮಗನ್ ತಲೆಗೆ ಇಡೋದು ಯಾರ್ ತಲೆ ಮ್ಯಾಲಿತ್ತೋ ಅಂತ ನೋಡ್ಕತೀವಿ. ತಪ್ಪಾ?"

ಆ ಸಮಾಧಾನವೇ ರಂಜಿತಳ ಬಾಯಿಯ ಕಟ್ಟು ಬಿಚ್ಚಿತು.

"ತಪ್ಪೇನಿಲ್ಲ ಅಣ್ಣಮ್ಮೋರೆ, ನೋಡ್ಕಳಿ. ನಿಮ್ ತೊಡೆ ಮ್ಯಾಲಿರೋದ್ರ ಒಳಪಟ್ಟಿ ಒಲ್ದೋಳು ನಾನು. ಒಲ್ದಾದ್ ಮ್ಯಾಲೆ ಸುಕ್ಕು ಬಂದದಾ, ಓರೆ ಆಗದಾ ಅಂತ ನನ್ ತಲೆ ಮ್ಯಾಲೆ ಇಟ್ಟೇ ನೋಡಿರೋದು. ಇಲ್ಲಿ ಅರ್ವಿರೋವು ಅಷ್ಟೂ, ಒಂದೂ ಬುಟ್ಟಿಲ್ಲ. ಎಲ್ಲಾ ನನ್ ತಲೆ ಮ್ಯಾಲೆ ಕುಂತಿದ್ದವೇ."

ಅಣ್ಣಮ್ಮನ ಎರಡು ಕೈಯೂ ತೊಡೆಯಿಂದ ಮೇಲೆದ್ದವು, ಬಿಸಿ ಪಾತ್ರೆ ಮುಟ್ಟಿದವರಂತೆ.

"ಸುಳ್ಳು! ಸುಳ್ಳೇಳ್ತಾವ್ಳೆ!" ಚಿಕ್ಕಸ್ವಾಮಿ ಎದ್ದು ನಿಂತ.

"ಇಟ್ಟು ನೋಡಾಕೆ ಒಂದು ಮರದ್ ತಲೆ ತರ್ಸಿ ಅಂತ ನಾನ್ ಕೇಳ್ಲಿಲ್ವಾ? ನೀವೇನಂದ್ರಿ? 'ನಿನ್ ತಲೆ ಇಲ್ವೇನವ್ವ, ಅದೂ ಮರದ್ದೇ' ಅಂದ್ರಿ. ಚಿಕ್ಕಯ್ಯಣ್ಣ ಇದ್ದ. ಕೇಳಿ."

ಮೂಲೆಯಲ್ಲಿ ಕುರ್ಚಿ ಒರೆಸುತ್ತಿದ್ದ ಚಿಕ್ಕಯ್ಯ ತಲೆಯೆತ್ತಲಿಲ್ಲ. ಆದರೆ ಇಲ್ಲವೆಂದೂ ಅನ್ನಲಿಲ್ಲ. ಅಣ್ಣಮ್ಮ ಎದ್ದಳು. ಪೇಟ ತೊಡೆಯಿಂದ ಉರುಳಿ ನೆಲಕ್ಕೆ ಬಿತ್ತು, ಯಾರೂ ಎತ್ತಲಿಲ್ಲ.

"ಆಚೆಗ್ ನಡಿ!" ಚಿಕ್ಕಸ್ವಾಮಿಯ ಕತ್ತಿನ ನರ ಉಬ್ಬಿತ್ತು. "ಪಾತ್ರೆ ಇಲ್ಲ, ಶಾಮಿಯಾನ ಇಲ್ಲ. ಅದೆಂಗ್ ಮದ್ವೆ ಮಾಡ್ತಾನೋ ನಿಮ್ಮಪ್ಪ, ನೋಡ್ತೀನಿ!"

"ಬಂದು ನೋಡಿ. ಊಟ ಮಾಡ್ಕಂಡೂ ಓಗಿ."

ಬೀದಿಗೆ ಬಂದಾಗ ಗೆದ್ದೆ ಅಂತ ಅನ್ನಿಸಲಿಲ್ಲ. ಅಪ್ಪನ ಮುಖ ಕಣ್ಣ ಮುಂದೆ ಬಂತು. ತನ್ನ ಒಂದು ಬಾಯಿಗೆ ಅಣ್ಣನ ಮದುವೆಯ ಅಡುಗೆ ಒಲೆಯೇ ಆರಿತಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹಿಂದಿನಿಂದ ಕರೆದದ್ದು ಕೇಳಿಸಿತು. ಅಣ್ಣಮ್ಮ ಏದುಸಿರು ಬಿಡುತ್ತ ಬಂದಳು.

"ನಿಂತ್ಕಳೇ. ನಿಮ್ಮಣ್ಣಂಗೆ ಒಸದು ತಂದಿದ್ದೀಯಂತಲ್ಲ, ಬೈರಮ್ಮ ಅಂತಿದ್ಲು. ಎಲ್ಲಿ ಸಿಕ್ತು? ನಮ್ಗೀಗ ದಿನ ಇಲ್ಲ."

ಹೇಳಬಾರದು ಅಂದುಕೊಂಡಳು. ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿ ರೂಢಿಯಾದ ಬಾಯಿ. "ಶ್ರೀರಂಗಪಟ್ಣದಲ್ಲಿ. ಮುಂದ್ಗಡೆ ಜರಿ ನೋಡಿ ಮರುಳಾಗ್ಬ್ಯಾಡಿ, ಒಳಗೆ ನೋಡಿ. ರಟ್ಟಾದ್ರೆ ಬ್ಯಾಡ, ಬಕ್ರಂ ಇರ್ಬೇಕು. ನೆರಿಗೆ ಅಂಟಿಸಿರ್ತಾರೆ, ಒಲ್ದಿರೋದು ಕೇಳಿ. ಒದ್ದೆ ಬೆರಳಲ್ಲಿ ಉಜ್ಜಿ—" ಮಾತು ನಿಲ್ಲಿಸಿದಳು. ಯಾರಿಗೆ ಪಾಠ ಹೇಳುತ್ತಿದ್ದೇನೆ ಅಂತ ತನ್ನ ಮೇಲೇ ರೇಗಿಹೋಯಿತು.

"ಯಾವಂಗ್ಡಿ?" ಅಣ್ಣಮ್ಮ ದನಿ ತಗ್ಗಿಸಿದಳು. "ಅಲ್ಲಾದ್ರೆ ಯಾರೂ ತಲೆಗೆ ಇಟ್ಕಂಡಿರಾಕಿಲ್ಲ ತಾನೆ?"

"ಅಂಗಡಿ ಎಸ್ರು ಏಳಾಕಿಲ್ಲ. ಊರೆಲ್ಲ ಸುತ್ತಿ ಹುಡಿಕ್ಕಳಿ, ನಾನು ಹುಡ್ಕಿದಂಗೆ." ರಂಜಿತ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು. "ಅಲ್ಲೂ ಎಲ್ಲಾನೂ ಇಟ್ಕಂಡು ನೋಡೇ ಆರಿಸ್ದೆ ಅಣ್ಣಮ್ಮೋರೆ. ನಿಮ್ಗೆ ಬರೋದು ಅದ್ರಾಗಿಂದೇ ಇರ್ಬೋದು."

ನರಸಯ್ಯ ಮಗಳ ಮೇಲೆ ಕೈಯೆತ್ತಲಿಲ್ಲ. ಮಾತು ಬಿಟ್ಟ, ಅಷ್ಟೇ. ಟವಲು ಕೊಡವಿ ಹೊರಟವನು ಕೆ.ಆರ್. ಪೇಟೆಯ ಕಡೆಯ ನೆಂಟರ ಹಳ್ಳಿಯಿಂದ ಎರಡು ಹಂಡೆಯನ್ನು ಎತ್ತಿನ ಗಾಡಿಯಲ್ಲಿ ತಂದ. ದಾರಿಯುದ್ದಕ್ಕೂ ಮಗಳನ್ನು ಶಪಿಸಿದನೆಂದು ಗಾಡಿ ಹೊಡೆದವನು ಹೇಳಿದ. ಮಿಕ್ಕ ಪಾತ್ರೆಯನ್ನು ಬೈರಮ್ಮ ಕೇರಿಯ ಮನೆಮನೆಯಿಂದ ಕೂಡಿಸಿದಳು. ಚಪ್ಪರಕ್ಕೆ ತೆಂಗಿನ ಗರಿ ಬಂತು, ಗರಿ ಸಾಲದಿದ್ದ ಕಡೆ ಟ್ರಾಕ್ಟರಿನ ತಾಡಪಾಲು. ಒಂದು ಪಾತ್ರೆಯ ಹುಳಿ ತಳಹಿಡಿಯಿತು. ಸೋದರಮಾವ ಗಂಡಿನ ತಲೆಗೆ ಹೊಸ ಕೆನೆ ಬಣ್ಣದ ಪೇಟ ಇಟ್ಟ. ಧರ್ಮೇಂದ್ರ ಎಷ್ಟು ಜನರ ಕಾಲಿಗೆ ಬಿದ್ದರೂ ಅದು ಜಾರಲಿಲ್ಲ. ರಂಜಿತ ಕಂಬದ ಹಿಂದೆ ನಿಂತು, ಒಂದೊಂದು ಸಲ ಅವನು ಬಗ್ಗಿದಾಗಲೂ ಉಸಿರು ಹಿಡಿದು ನೋಡುತ್ತಿದ್ದಳು.

ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವನೊಬ್ಬ ನರಸಯ್ಯನನ್ನು ಕೇಳಿದ. "ಪೇಟ ಸಾದಾ ಇದ್ರೂ ಕಳೆಯಾಗದೆ ಬುಡು. ಎಲ್ಲಿ ಬಾಡ್ಗೇದು?"

ಅನ್ನ ಬಡಿಸುತ್ತಿದ್ದ ನರಸಯ್ಯ ಸೌಟನ್ನು ಟಣ್ಣನೆ ಕುಕ್ಕಿದ. "ಅವ್ಳ್ನೇ ಕೇಳು."

"ಬಾಡ್ಗೇದಲ್ಲ," ಅಂದಳು ರಂಜಿತ. ದನಿ ಜಗಳಕ್ಕೆ ನಿಂತವಳ ಹಾಗಿತ್ತು. "ನಮ್ದು."

ಮಾರನೆಯ ದಿನ ನಾಗಮಂಗಲಕ್ಕೆ ಹೊರಟ ಚಿಕ್ಕಬೋರಮ್ಮ ತನ್ನ ಮೈದುನನ ಮದುವೆಗೆ ಬೇಕೆಂದು ಕಡುಗೆಂಪಿನದನ್ನು ಕೇಳಿದಳು. ರಂಜಿತ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೈಗಿಟ್ಟಳು.

"ಬಸ್ಸಲ್ಲಿ ತೊಡೆ ಮ್ಯಾಲೆ ಇಟ್ಕ, ಮ್ಯಾಲೆ ಕಂಬಿಗೆ ತುರುಕ್ಬ್ಯಾಡ. ಬೆವರಾದ್ರೆ ನೆರಳಲ್ಲಿ ಒಣಗ್ಸು. ಉಡುಗ್ರ ಕೈಲಿ ಕೊಟ್ಗಿಟ್ಟೀಯ! ಮಂಡ್ಳಿ ಪೇಟ ಅದು, ಗೊತ್ತಾಯ್ತಾ?"

"ಅಯ್ಯೋ, ಕೊಡಾದು ಕೊಡ್ತೀಯ, ಬೈಯ್ತೀಯ ಯಾಕೇ?" ಅಂದಳು ಚಿಕ್ಕಬೋರಮ್ಮ.

"ಬೈತಾ ಇಲ್ಲ ಕಣ್ ಚಿಕ್ಕವ್ವ," ಅಂತ ರಂಜಿತ ಇನ್ನೂ ಜೋರಾಗಿ ಬೈದಳು.